ಜೈತುನ್ ಬೀ ಬಾಯಲ್ಲಿ ಬಂದ ‘ಇಲ್ಲ’

ಕೊಟ್ಟೂರಿನ ಜೈತುನ್ ಬೀ ಬಳೆ ಅಂಗಡಿಗೆ ಬೋರ್ಡು ಇಲ್ಲ. ಹಾಗಂತ ಆಕೆಯ ಎದುರಿಗೆ ಹೇಳಬಾರದು. ಕೇಳಿದರೆ ‘ಬರೋದೈತಿ’ ಎನ್ನುತ್ತಾಳೆ. ಆಕೆ ಹರಪನಹಳ್ಳಿಯಿಂದ ಸೊಸೆಯಾಗಿ ಬಂದ ದಿನದಿಂದ ಆ ಬೋರ್ಡು ಬರುತ್ತಲೇ ಇದೆ. ಈಗ ಆಕೆಗೇ ಸೊಸೆ ಬಂದಾಯಿತು, ಬೋರ್ಡು ಮಾತ್ರ ಇನ್ನೂ ದಾರಿಯಲ್ಲಿದೆ.

‘ಇಲ್ಲ’ ಎಂಬ ಮಾತು ಜೈತುನ್ ಬೀ ಬಾಯಲ್ಲಿ ಹೊರಡುವುದಿಲ್ಲ. ಇದನ್ನು ಆಕೆಯ ಧಾರಾಳತನ ಎಂದು ಯಾರೂ ತಪ್ಪು ತಿಳಿಯಬಾರದು. ಚೌಕಾಸಿಗೆ ಕೂತರೆ ಆಕೆ ಗಿರಾಕಿಯ ಬೆವರಿಳಿಸಿಯೇ ಕಳಿಸುವುದು. ಆದರೆ ಬಳೆಯ ವ್ಯಾಪಾರಕ್ಕೆ ತನ್ನದೇ ಮಡಿಯಿದೆ. ಒಡೆದ ಬಳೆಯನ್ನು ಒಡೆಯಿತು ಎನ್ನುವಂತಿಲ್ಲ, ‘ಹೆಚ್ಚಿತು’ ಎನ್ನಬೇಕು. ಹಸಿರು ಬಳೆ ಮುಗಿದಿದ್ದರೆ ಮುಗಿಯಿತು ಎನ್ನದೆ ‘ನಾಳಿ ತುಂಬ ಬರ್ತಾವ’ ಎನ್ನಬೇಕು. ಅದರಲ್ಲೂ ಬೋಣಿಯ ಹೊತ್ತು, ಅಂದರೆ ಬೆಳಗಿನ ಮೊದಲ ಗಿರಾಕಿ ಬಂದು ಮೊದಲ ವ್ಯಾಪಾರ ಆಗುವ ತನಕ, ಯಾರು ಏನೇ ಕೇಳಿದರೂ ಇಲ್ಲವೆಂದು ಕಳಿಸುವಂತಿಲ್ಲ. ಒಮ್ಮೆ ಬೋಣಿಯ ಹೊತ್ತಿಗೆ ಒಬ್ಬ ಬಂದು ಸ್ಕ್ರೂ ಡ್ರೈವರ್ ಕೇಳಿದನಂತೆ. ಜೈತುನ್ ಬೀ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ತನ್ನ ಗಂಡ ಮಕ್ತುಂ ಸಾಬರ ಪಂಪ್‌ಸೆಟ್ ರಿಪೇರಿ ಅಂಗಡಿಯಿಂದ ತರಿಸಿಕೊಟ್ಟಳು. ಬದಲಿಗೆ ಅವನ ಹೆಂಡತಿಗೆ ಒಂದು ಡಜನ್ ಬಳೆ ಕಟ್ಟಿಕೊಟ್ಟಳು, ಆ ಮಾತು ಬೇರೆ.

ಇಂಥ ಹೆಂಗಸಿನ ಕೈಗೆ ಒಂದು ಸ್ಮಾರ್ಟ್‌ಫೋನ್ ಬಂದಿತ್ತು. ಮೊದಲು ಬಳೆಯ ಬುಟ್ಟಿ ಹೊತ್ತು ಮನೆಮನೆ ತಿರುಗುತ್ತಿದ್ದವಳು ಈಗ ಕೂತಲ್ಲೇ ನಮೂನೆಗಳ ಫೋಟೋ ವಾಟ್ಸಾಪಿನಲ್ಲಿ ಕಳಿಸುತ್ತಿದ್ದಳು. ಹೆಣ್ಣುಮಕ್ಕಳು ಸೀರೆಯ ಅಂಚಿನ ಫೋಟೋ ಕಳಿಸಿ ಇದಕ್ಕೆ ಹೊಂದುವ ಬಣ್ಣ ಕೊಡು ಎನ್ನುತ್ತಿದ್ದರು. ಫೋನಿಗೆ ಲಾಕ್ ಇತ್ತು. ಇದ್ದರೇನು, ಬಳೆ ತೊಡಿಸುವವಳ ಎರಡೂ ಕೈ ಸದಾ ಇನ್ನೊಬ್ಬರ ಕೈಯಲ್ಲೇ ಇರುತ್ತವೆ. ಅರ್ಧ ಏರಿದ ಬಳೆಯನ್ನು ಬಿಟ್ಟು ಫೋನ್ ಎತ್ತಲಾಗುತ್ತದೆಯೇ? ಹಾಗಾಗಿ ಫೋನ್ ಬಡಿದುಕೊಂಡಾಗಲೆಲ್ಲ ಜೈತುನ್ ಬೀ ಪಕ್ಕದಲ್ಲಿ ಕೂತ ಗಿರಾಕಿಗೆ ಕೂಗಿ ಹೇಳುತ್ತಿದ್ದಳು: ಎರಡು ನಾಲ್ಕು, ಎರಡು ಆರು ಒತ್ತವ್ವಾ. ಇವು ಬಳೆಯ ಅಳತೆಗಳು. ಸಣ್ಣ ಕೈಗೆ ಎರಡು-ನಾಲ್ಕು, ಸ್ವಲ್ಪ ತುಂಬಿದ ಕೈಗೆ ಎರಡು-ಆರು. ಲಾಕಿಗೂ ಅದೇ, ಹೋಲ್‌ಸೇಲಿನವನಿಗೆ ಫೋನಿನಲ್ಲಿ ದುಡ್ಡು ಹಾಕುವುದಕ್ಕೂ ಅದೇ. ಊರಿನ ಅರ್ಧ ಹೆಂಗಸರಿಗೆ ತಮ್ಮ ಗಂಡಂದಿರ ಫೋನಿನ ಲಾಕ್ ಗೊತ್ತಿರಲಿಲ್ಲ, ಜೈತುನ್ ಬೀಯದು ಗೊತ್ತಿತ್ತು.

ಇದನ್ನು ಕಂಡು ಒಳಗೊಳಗೇ ಕುದಿಯುತ್ತಿದ್ದವಳು ಸೊಸೆ ತಸ್ಲೀಮ್. ಅವಳು ಬಸ್ ಸ್ಟ್ಯಾಂಡಿನ ಹತ್ತಿರದ ಆನ್‌ಲೈನ್ ಸೆಂಟರಿನಲ್ಲಿ ಕೆಲಸಕ್ಕಿದ್ದಳು. ಜನ ಆಧಾರ್ ಕಾರ್ಡಿನ ಜೊತೆ ತಮ್ಮ ಪಾಸ್‌ವರ್ಡನ್ನೂ ಸಿಗರೇಟ್ ಪ್ಯಾಕಿನ ಹಿಂದೆ ಬರೆದು ತಂದುಕೊಡುವುದನ್ನು ದಿನವೂ ನೋಡಿ ನೋಡಿ ಅವಳಿಗೆ ಅದೊಂದು ನೋವಾಗಿಬಿಟ್ಟಿತ್ತು. ಅತ್ತೆ ಸೊಸೆ ಮನೆಯಲ್ಲಿ ಮಾತಾಡುವುದು ಉರ್ದು. ತಸ್ಲೀಮ್ ಕನ್ನಡಕ್ಕೆ ಇಳಿದಳೆಂದರೆ ವಿಷಯ ಗಂಭೀರ ಎಂದು ಲೆಕ್ಕ. ಒಟಿಪಿ ಯಾರಿಗೂ ಹೇಳಬೇಡ, ಲಾಕ್ ನಂಬರ್ ಕೂಗಬೇಡ, ಎಲ್ಲದಕ್ಕೂ ಒಂದೇ ನಂಬರ್ ಇಡಬೇಡ ಎಂದು ಅವಳು ಕನ್ನಡದಲ್ಲಿ ಹೇಳಿ ಸಾಕಾಗಿದ್ದಳು. ಜೈತುನ್ ಬೀ ಪ್ರತಿ ಸಲವೂ ಆಗಲಿ ಎನ್ನುತ್ತಿದ್ದಳು. ಇಲ್ಲ ಎನ್ನುವವಳೇ ಅಲ್ಲವಲ್ಲ.

ಆ ದಿನ ಅಂಗಡಿಯ ಬಾಗಿಲು ತೆಗೆದು, ಲೋಬಾನದ ಹೊಗೆ ಹಾಕಿ ಕೂತಿದ್ದಳು. ಬೋಣಿ ಇನ್ನೂ ಆಗಿರಲಿಲ್ಲ. ಫೋನ್ ಬಂತು. ಆ ಕಡೆ ಗಂಡಸಿನ ದನಿ, ಬೆಣ್ಣೆಯಂಥದು. ಉಜ್ಜಿನಿಯಿಂದ ಮಾತಾಡುತ್ತಿದ್ದೇನೆ, ಮನೆಯವಳದು ಸೀಮಂತ ಇದೆ, ಬಂದ ಹೆಣ್ಣುಮಕ್ಕಳಿಗೆಲ್ಲ ಹಸಿರು ಬಳೆ ಇಡಿಸಬೇಕು ಎಂದ. ಜೈತುನ್ ಬೀ ಮುಖ ಅರಳಿತು. ಬೋಣಿಗೇ ಸೀಮಂತದ ಬಳೆ! ಆತ ಇನ್ನೊಂದು ಮಾತು ಸೇರಿಸಿದ. ನಮ್ಮ ಹೆಣ್ಣುಮಕ್ಕಳದೊಂದು ವಾಟ್ಸಾಪ್ ಗ್ರೂಪ್ ಇದೆ, ಅದಕ್ಕೆ ನಿಮ್ಮನ್ನು ಸೇರಿಸುತ್ತೇನೆ, ಅವರವರ ಅಳತೆ ಅವರೇ ಹಾಕುತ್ತಾರೆ. ಈಗ ನಿಮ್ಮ ಫೋನಿಗೆ ಆರು ಅಂಕಿಯ ನಂಬರ್ ಬಂದಿರುತ್ತದೆ, ಸ್ವಲ್ಪ ಓದಿ ಹೇಳಿ.

ನಂಬರ್ ಬಂದಿತ್ತು. ಅದರ ಕೆಳಗೆ ಇದನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ ಎಂದು ಅಚ್ಚಗನ್ನಡದಲ್ಲಿ ಬರೆದಿತ್ತು. ಜೈತುನ್ ಬೀ ಪ್ರಾಮಾಣಿಕ ಹೆಂಗಸು, ನಂಬರಿನ ಜೊತೆಗೆ ಆ ಸಾಲನ್ನೂ ಅವನಿಗೆ ಓದಿ ಹೇಳಿದಳು. ಅದು ಹೊರಗಿನವರಿಗೆ ಹೇಳಿದ್ದು, ನಾವೇನು ಹೊರಗಿನವರೇ ಎಂದು ಅವನು ನಕ್ಕ. ಈಕೆಯೂ ನಕ್ಕಳು. ತಸ್ಲೀಮಳ ಮಾತು ನೆನಪಾಗದೆ ಇರಲಿಲ್ಲ. ಆದರೆ ಬೋಣಿಯ ಹೊತ್ತಿನಲ್ಲಿ, ಬಸುರಿ ಹೆಣ್ಣುಮಗಳ ಬಳೆಯ ವಿಷಯದಲ್ಲಿ, ಇಲ್ಲ ಎಂದು ಫೋನ್ ಇಡುವುದು ಹೇಗೆ?

ಆಮೇಲೆ ಮಧ್ಯಾಹ್ನದವರೆಗೆ ಫೋನಿನಲ್ಲಿ ಒಂದು ಮೆಸೇಜೂ ಬರಲಿಲ್ಲ. ಇವತ್ತು ಯಾರೂ ತಲೆ ತಿನ್ನಲಿಲ್ಲ ಎಂದು ಜೈತುನ್ ಬೀ ಸಮಾಧಾನದಲ್ಲೇ ಇದ್ದಳು. ಅಷ್ಟರಲ್ಲಿ ಹಗರಿಬೊಮ್ಮನಹಳ್ಳಿಯ ವಾಣಿಶ್ರೀ ಫೋನ್ ಮಾಡಿದಳು. ಕೊಟ್ಟೂರಿನ ಮಗಳು, ಅಲ್ಲಿ ಹೈಸ್ಕೂಲ್ ಟೀಚರ್. ಬೆಳಿಗ್ಗೆ ನೀನು ಕೇಳಿದೆಯಲ್ಲ ಎಂದು ನನಗೆ ಬಂದ ನಂಬರ್ ಕಳಿಸಿದೆ, ಆಗಿನಿಂದ ನನ್ನ ವಾಟ್ಸಾಪೇ ತೆರೆಯುತ್ತಿಲ್ಲ, ಏನು ಮಾಡಿದೆ ಎಂದಳು. ನಾನು ಯಾವಾಗ ಕೇಳಿದೆ ಎಂದು ಜೈತುನ್ ಬೀ ಬೆರಗಾದಳು. ಹಿಂದಿನ ವಾರವಷ್ಟೇ ಮಕ್ಕಳಿಗೆ ಒಟಿಪಿಯ ಬಗ್ಗೆ ಪ್ರಬಂಧ ಬರೆಸಿದ್ದೆ, ಆದರೂ ಜೈತುನಮ್ಮ ಕೇಳಿದಾಗ ಇಲ್ಲ ಎನ್ನಲು ಮನಸ್ಸು ಬರಲಿಲ್ಲ ಎಂದು ವಾಣಿಶ್ರೀ ನಗಲಾರದೆ ನಕ್ಕಳು.

ಸಂಜೆ ತಸ್ಲೀಮ್ ಬಂದು ನೋಡಿದಾಗ ಕಥೆ ಬಿಚ್ಚಿಕೊಂಡಿತು. ಬೆಣ್ಣೆ ದನಿಯವನು ಆ ನಂಬರಿನಿಂದ ಜೈತುನ್ ಬೀಯ ವಾಟ್ಸಾಪನ್ನೇ ತನ್ನ ಫೋನಿಗೆ ಎಳೆದುಕೊಂಡಿದ್ದ. ಅಲ್ಲಿಂದ ಆಕೆಯ ಹೆಸರಿನಲ್ಲಿ ಎಲ್ಲ ಹೆಣ್ಣುಮಕ್ಕಳಿಗೆ, ತಪ್ಪಿ ನಿಮ್ಮ ಫೋನಿಗೆ ನನ್ನ ನಂಬರ್ ಬಂದಿದೆ, ಕಳಿಸಿಕೊಡಿ ಎಂದು ಬರೆದಿದ್ದ. ಕೈ ಹಿಡಿದು ಬಳೆ ತೊಡಿಸಿದವಳು ಕೇಳಿದ ಮೇಲೆ ಮುಗಿಯಿತು, ಯಾರೂ ಹಿಂದೆ ಮುಂದೆ ನೋಡಲಿಲ್ಲ. ಈಕೆ ಬಳೆ ತೊಡಿಸಿದ ಹೆಣ್ಣುಮಕ್ಕಳು ಮದುವೆಯಾಗಿ ಕೂಡ್ಲಿಗಿ, ಹರಪನಹಳ್ಳಿ, ಚಿಗಟೇರಿ, ಹಡಗಲಿ ಎಂದು ಎಲ್ಲೆಲ್ಲಿಗೆ ಹೋಗಿದ್ದರೋ ಅಲ್ಲಿಗೆಲ್ಲ ಕಳ್ಳ ಹೋಗಿಬಂದಿದ್ದ. ಜೈತುನ್ ಬೀ ಬುಟ್ಟಿ ಹೊತ್ತು ಒಂದು ಹಂಗಾಮಿನಲ್ಲಿ ಸುತ್ತುವ ದಾರಿಯನ್ನು ಅವನು ಕೂತಲ್ಲೇ ಒಂದು ಮಧ್ಯಾಹ್ನಕ್ಕೆ ಮುಗಿಸಿದ್ದ. ಒಂದಿಬ್ಬರಿಂದ ದುಡ್ಡನ್ನೂ ಹಾಕಿಸಿಕೊಂಡಿದ್ದ. ತಸ್ಲೀಮ್ ಅವರಿಗೆಲ್ಲ ತಡಮಾಡದೆ ಸೈಬರ್ ಪೊಲೀಸರ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿರಿ, ಬ್ಯಾಂಕಿಗೂ ತಿಳಿಸಿರಿ ಎಂದು ಹೇಳುತ್ತಾ ಹೋದಳು.

ಜೈತುನ್ ಬೀಗೆ ದುಡ್ಡಿಗಿಂತ ಬೇರೆಯದೇ ಸಂಕಟವಾಯಿತು. ಗಂಡಸರು ಪಡಸಾಲೆಯಲ್ಲೇ ನಿಲ್ಲುವ ಮನೆಗಳಲ್ಲಿ ಬಳೆಗಾರ್ತಿ ನಡುಮನೆಯ ತನಕ ಹೋಗುತ್ತಾಳೆ. ಆ ಬಾಗಿಲುಗಳಲ್ಲಿ ಈಗ ತನ್ನ ಹೆಸರು ಹೇಳಿಕೊಂಡು ಒಬ್ಬ ಕಳ್ಳ ಒಳಗೆ ಹೊಕ್ಕಿದ್ದ. ಇನ್ನು ಮೇಲೆ ಆ ಮನೆಗಳವರು ತನ್ನನ್ನು ಕರೆಯುತ್ತಾರೆಯೇ? ಆ ರಾತ್ರಿ ಆಕೆ ಊಟ ಮಾಡಲಿಲ್ಲ. ಮಕ್ತುಂ ಸಾಬ್ ಮಾತ್ರ, ಪಂಪ್‌ಸೆಟ್ಟಿಗೆ ಈ ರೋಗ ಇನ್ನೂ ಬಂದಿಲ್ಲ ಎಂದು ಅಲ್ಲಾಹುವಿಗೆ ವಂದಿಸಿ ಉಂಡು ಮಲಗಿದರು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಕಲ್ಯಾಣಮ್ಮನ ಮನೆಯಲ್ಲಿ. ಅದು ಶೇಂಗಾ ಮಂಡಿಯವರ ದೊಡ್ಡ ಮನೆ. ಕಲ್ಯಾಣಮ್ಮನ ಕಿರಿಯ ಮಗಳು ಅಮೃತಾಳ ಮದುವೆ ಹಡಗಲಿಯ ಹಾಲಮ್ಮನ ಮಗನೊಂದಿಗೆ ಗೊತ್ತಾಗಿತ್ತು. ಮದುಮಗಳಿಗೆ ಜೈತುನ್ ಬೀಯೇ ಬಳೆ ತೊಡಿಸುವುದು ಎಂದು ಬಹಳ ಹಿಂದೆಯೇ ಮಾತಾಗಿತ್ತು. ಆ ಮನೆಯ ಕೂಸುಗಳಿಗೆಲ್ಲ ತೊಟ್ಟಿಲಲ್ಲಿ ಕರಿಬಳೆ ಹಾಕಿದವಳೂ ಅವಳೇ. ಕಲ್ಯಾಣಮ್ಮನೂ ನಂಬರ್ ಕಳಿಸಿದ್ದಳು. ಕಳ್ಳ ಕಲ್ಯಾಣಮ್ಮನಾಗಿ ಬೀಗಿತಿಗೆ ಮೆಸೇಜ್ ಮಾಡಿದ್ದ: ಸ್ವಲ್ಪ ತುರ್ತಿದೆ, ದುಡ್ಡು ಕಳಿಸಿರಿ. ಹೆಣ್ಣಿನ ಕಡೆಯವರು ಗಂಡಿನ ಕಡೆಯವರ ಹತ್ತಿರ ಕೈ ಚಾಚುವುದೆಂದರೆ!

ಹಾಲಮ್ಮನೂ ಸಾಮಾನ್ಯಳಲ್ಲ. ದುಡ್ಡಿನ ಮಾತು ಹಾಗಿರಲಿ ಎಂದು, ಬೀಗಿತಿ ಮೆತ್ತಗಾದ ಈ ಗಳಿಗೆಯಲ್ಲಿ ತನ್ನ ಹಳೆಯ ಆಸೆಗಳನ್ನೆಲ್ಲ ಒಂದೊಂದಾಗಿ ಮುಂದಿಟ್ಟಿದ್ದಳು. ಮದುವೆ ಕೊಟ್ಟೂರಿನಲ್ಲಿ ಬೇಡ, ಹಡಗಲಿಯಲ್ಲೇ ಆಗಲಿ? ಕಳ್ಳ ಆಗಲಿ ಎಂದ. ಧಾರೆ ಸೀರೆ ನಾವು ಹೇಳಿದ ಬಣ್ಣದ್ದೇ? ಆಗಲಿ. ಬೀಗರೂಟಕ್ಕೆ ನಾವು ಹೇಳಿದ ಅಡಿಗೆಯವರೇ? ಆಗಲಿ ಆಗಲಿ. ಮಾತುಕತೆ ಶುರುವಾದಾಗಿನಿಂದ ಒಂದು ಉಪ್ಪಿನಕಾಯಿಯ ವಿಷಯದಲ್ಲೂ ಸೋಲದ ಕಲ್ಯಾಣಮ್ಮ ಒಂದು ಮಧ್ಯಾಹ್ನದಲ್ಲಿ ಇಷ್ಟು ಸೋತಳಲ್ಲ ಎಂದು ಹಾಲಮ್ಮ ಹಿಗ್ಗಿ, ಹಡಗಲಿಯಲ್ಲಿ ಛತ್ರವನ್ನೂ ಹಿಡಿದುಬಿಟ್ಟಳು. ಬರೆದವನು ಕಳ್ಳ ಎಂದು ಕಲ್ಯಾಣಮ್ಮ ಎಷ್ಟು ಹೇಳಿದರೂ ಆಕೆ ಕೇಳಲು ತಯಾರಿರಲಿಲ್ಲ. ದುಡ್ಡು ಕೇಳಿದ ನಾಚಿಕೆಗೆ ಈಗ ಕಳ್ಳನ ಕಥೆ ಕಟ್ಟುತ್ತಿದ್ದಾರೆ ಎಂದು ನಂಟರ ಮುಂದೆ ಆಡಿಕೊಂಡಳು. ಮದುವೆಯೇ ನಿಲ್ಲುವ ಹಾಗಾಯಿತು.

ಇತ್ತ ತಸ್ಲೀಮ್ ಅತ್ತೆಯ ಫೋನಿನಲ್ಲಿ ವಾಟ್ಸಾಪನ್ನು ಮತ್ತೆ ಹಾಕಿ, ಹೊಸದಾಗಿ ಬಂದ ನಂಬರ್ ಒತ್ತಿ ಕಳ್ಳನನ್ನು ಹೊರಗೆ ದಬ್ಬಿದಳು. ಆದರೆ ಅವನು ಹೋಗುವಾಗ ಒಳಗಿನಿಂದ ತನ್ನದೊಂದು ಪಿನ್ ಹಾಕಿ ಹೋಗಿದ್ದ. ಒಂದು ವಾರ ಕಾಯದೆ ಅದು ಬಿಡಲಿಲ್ಲ. ಮೊದಲೇ ನಾವು ಈ ಪಿನ್ ಹಾಕಿಟ್ಟಿದ್ದರೆ ಅವನು ಹೊಸಿಲಲ್ಲೇ ನಿಲ್ಲುತ್ತಿದ್ದ ಎಂದು ತಸ್ಲೀಮ್ ಕನ್ನಡದಲ್ಲಿ ಹೇಳಿದಳು. ಜೈತುನ್ ಬೀ ಈ ಸಲ ಬಾಯಿ ಮಾತಿಗೆ ಆಗಲಿ ಎನ್ನಲಿಲ್ಲ, ಕೂತು ಕಲಿತಳು.

ಕಲಿಯುವುದೇನು ಸುಲಭವಾಗಿರಲಿಲ್ಲ. ಲಾಕಿಗೆ ಬೇರೆ ನಂಬರ್, ದುಡ್ಡಿಗೆ ಬೇರೆ, ವಾಟ್ಸಾಪಿಗೆ ಬೇರೆ, ಯಾವುದೂ ಬಳೆಯ ಅಳತೆ ಆಗಿರಬಾರದು. ಹುಟ್ಟಿದ ದಿನವನ್ನೂ ಇಡಬಾರದು ಎಂದಳು ಸೊಸೆ. ಅದು ಜೈತುನ್ ಬೀಗೇ ಗೊತ್ತಿರಲಿಲ್ಲವಾದ್ದರಿಂದ ಆ ಭಯವಿರಲಿಲ್ಲ. ಯಾರಾದರೂ ಮೆಸೇಜಿನಲ್ಲಿ ದುಡ್ಡು ಕೇಳಿದರೆ ಮೊದಲು ಫೋನ್ ಮಾಡಿ ದನಿ ಕೇಳಬೇಕು. ಕೋಡ್ ಕೇಳಿದರೆ ದನಿ ಗುರುತಿನದಾದರೂ ಕೊಡಬಾರದು. ನಿನಗೆ ಹೇಳಬಹುದಲ್ಲ ಎಂದು ಜೈತುನ್ ಬೀ ಕೇಳಿದ್ದಕ್ಕೆ, ತಸ್ಲೀಮ್ ಹೇಳಿದ ಮಾತು ಆಕೆಗೆ ಬಹಳ ದಿನ ಚುಚ್ಚುತ್ತಿತ್ತು.

“ನಂಗೂ ಹೇಳಬೇಡ ಅಮ್ಮೀ. ನಿನ್ನ ಮಗ ಕೇಳಿದ್ರೂ ಇಲ್ಲ ಅನ್ನು. ಇಲ್ಲ ಅನ್ನೋದು ಬಾಯಿಗೆ ರೂಢಿ ಆಗ್ಬೇಕು.”

ಸೊಸೆಗೆ ಹೇಳಬಾರದ ಗುಟ್ಟು ಅತ್ತೆಯ ಹತ್ತಿರ ಇರುವುದು ಹೊಸದೇನಲ್ಲ, ಆದರೆ ಸೊಸೆಯೇ ಮುಂದೆ ನಿಂತು ಅದನ್ನು ಇಡಿಸಿದ್ದು ಆ ಓಣಿಯಲ್ಲಿ ಮೊದಲು. ಜೈತುನ್ ಬೀ ಅಡಿಗೆಮನೆಯಲ್ಲಿ ಒಬ್ಬಳೇ ‘ಇಲ್ಲ, ಇಲ್ಲ’ ಎಂದು ರೂಢಿ ಮಾಡಿಕೊಳ್ಳುತ್ತಿದ್ದಳು. ಬಳೆಯ ಡಬ್ಬಿಗಳು ಇರುವ ಕಡೆ ಮಾತ್ರ ಈ ಅಭ್ಯಾಸ ಮಾಡುತ್ತಿರಲಿಲ್ಲ.

ಆ ವಾರ ಆಕೆ ಮತ್ತೆ ಬುಟ್ಟಿ ಹೊತ್ತಳು. ಊರೂರು, ಮನೆಮನೆ ಹೋಗಿ, ಮೆಸೇಜ್ ಮಾಡಿದವಳು ನಾನಲ್ಲ, ತಪ್ಪು ಮಾತ್ರ ನನ್ನದು ಎಂದು ಹೇಳಿ ಬಂದಳು. ಹೆಚ್ಚಿನವರು ನಕ್ಕು, ಚಹಾ ಕೊಟ್ಟು, ಬಳೆಯನ್ನೂ ಇಡಿಸಿಕೊಂಡರು. ಪಿನ್ ಹೇಗೆ ಹಾಕುವುದೆಂದು ಆಕೆ ಅವರಿಗೆಲ್ಲ ತೋರಿಸಿಕೊಟ್ಟಳು. ಅರ್ಧ ತಪ್ಪು ತೋರಿಸಿ, ಫೋನ್ ಮಾಡಿ ತಸ್ಲೀಮಳನ್ನು ಕೇಳಿ ಸರಿಮಾಡಿದಳು. ಕಲ್ಯಾಣಮ್ಮನ ಮನೆಯಲ್ಲಿ ಮಾತ್ರ ಒಳಗೆ ಬಾ ಎನ್ನಲಿಲ್ಲ. ಕಲ್ಯಾಣಮ್ಮ ಹೊಸಿಲ ಒಳಗೆ ನಿಂತು, ಈಕೆ ಹೊರಗೆ ಕಟ್ಟೆಯ ಮೇಲೆ ನಿಂತು ಮಾತಾಡಿದರು. ಬಳೆಯ ವಿಷಯ ಮದುವೆ ಉಳಿದರೆ ನೋಡೋಣ ಎಂದಷ್ಟೇ ಹೇಳಿ ಕಲ್ಯಾಣಮ್ಮ ಒಳಗೆ ಹೋದಳು. ಆ ಮನೆಯ ಕಟ್ಟೆಯ ಮೇಲೆ ಜೈತುನ್ ಬೀ ಹೊರಗಿನವಳಂತೆ ನಿಂತದ್ದು ಅದೇ ಮೊದಲು.

ಹಾಗೂ ಹೀಗೂ ವಾರ ಕಳೆದು, ವಾಟ್ಸಾಪ್ ತೆರೆದು, ಹೊಸ ಪಿನ್ ಕೂತಿತು. ಅದಾದ ಕೆಲ ದಿನಗಳಿಗೆ ಒಂದು ಬೆಳಿಗ್ಗೆ ಬಾಗಿಲು ತೆಗೆದು ಕೂತಿದ್ದಾಗ ಫೋನಿನಲ್ಲಿ ಒಂದು ಮೆಸೇಜ್ ಬಂತು. ಆರು ಅಂಕಿ. ಹಿಂದೆಯೇ ಫೋನ್ ಬಡಿದುಕೊಂಡಿತು. ಕಲ್ಯಾಣಮ್ಮನ ನಂಬರ್, ಕಲ್ಯಾಣಮ್ಮನದೇ ದನಿ. ಅಷ್ಟು ದಿನದಿಂದ ಆ ದನಿಗಾಗಿಯೇ ಕಾದಿದ್ದಳು.

“ಜೈತುನಾ, ನಿನ್ನ ಫೋನಿಗೆ ಒಂದು ನಂಬರ್ ಬಂದೈತಿ ನೋಡು. ಹೇಳು ಅದನ್ನ.”

ಬೋಣಿ ಆಗಿಲ್ಲ, ಕೇಳುತ್ತಿರುವವಳು ಕಲ್ಯಾಣಮ್ಮ. ಇಲ್ಲ ಎಂದರೆ ಅಮೃತಾಳ ಬಳೆ ಹೋಯಿತು, ಆ ಮನೆಯ ಬಾಗಿಲೂ ಹೋಯಿತು. ಹೌದು ಎಂದರೆ ಮತ್ತೆ ಎಷ್ಟು ಮನೆಗಳ ಬಾಗಿಲು ಹೋಗುವುದೋ. ಆಕೆ ಬಳೆಯ ಡಬ್ಬಿಗಳ ಕಡೆ ಬೆನ್ನು ತಿರುಗಿಸಿ ನಿಂತಳು.

“ಇಲ್ರಿ ಕಲ್ಯಾಣಮ್ಮಾರ. ನಾ ಹೇಳಂಗಿಲ್ಲ.”

ಆ ಕಡೆಯ ದನಿ ಜೋರಾಗಿ, ನಾನು ಕಲ್ಯಾಣಮ್ಮ, ನನಗೇ ಇಲ್ಲ ಅಂತೀಯೇನು ಎಂದು ಕೇಳಿತು. ಜೈತುನ್ ಬೀ ಅಳುವ ದನಿಯಲ್ಲಿ ಇನ್ನೊಂದು ಸಲ ಇಲ್ಲ ಎಂದಳು. ಫೋನ್ ಕಟ್ಟಾಯಿತು.

ಅಂದು ಮಧ್ಯಾಹ್ನದವರೆಗೆ ಒಂದು ನೊಣವೂ ಅಂಗಡಿಗೆ ಬರಲಿಲ್ಲ. ಬೋಣಿಯ ಹೊತ್ತಿನಲ್ಲಿ ಇಲ್ಲ ಎಂದರೆ ಇನ್ನೇನಾಗುತ್ತದೆ ಎಂದುಕೊಂಡು ಜೈತುನ್ ಬೀ ಕೈ ಕಟ್ಟಿ ಕೂತಿದ್ದಳು. ಊಟದ ಹೊತ್ತು ಮೀರಿದ ಮೇಲೆ ಅಂಗಡಿಯ ಮುಂದೆ ಆಟೋ ನಿಂತಿತು. ಕಲ್ಯಾಣಮ್ಮ ಇಳಿದಳು, ಅಮೃತಾ ಇಳಿದಳು, ಅವರ ಹಿಂದೆ ದಪ್ಪ ಅಂಚಿನ ಸೀರೆಯ, ತಲೆತುಂಬ ಮಲ್ಲಿಗೆ ಮುಡಿದ ಹೆಂಗಸೊಬ್ಬಳು ಇಳಿದಳು. ಈಕೆಯೇ ಹಡಗಲಿಯ ಹಾಲಮ್ಮ ಎಂದು ಅಮೃತಾ ಹೇಳಿದಳು. ಜೈತುನ್ ಬೀ ಎದ್ದು ನಿಂತಳು.

ಕಲ್ಯಾಣಮ್ಮ ಬಂದವಳೇ ತರಾಟೆಗೆ ತೆಗೆದುಕೊಂಡಳು. ವಿಷಯ ಇಷ್ಟು. ಛತ್ರದ ಜಗಳ ತೀರಿಸಲು ಹಾಲಮ್ಮ ಬೆಳಿಗ್ಗೆ ಕೊಟ್ಟೂರಿಗೆ ಬಂದಿದ್ದಳು. ಕಂಡ ಕಂಡವರಿಗೆ ಯಾರಾದರೂ ನಂಬರ್ ಹೇಳುತ್ತಾರೆಯೇ, ಇದು ಕಟ್ಟುಕಥೆ ಎಂದು ಹಟ ಹಿಡಿದಿದ್ದಳು. ಹಾಗಾದರೆ ಕಣ್ಣಾರೆ ನೋಡಿ ಎಂದು ಕಲ್ಯಾಣಮ್ಮ, ಅಮೃತಾಳ ಕೈಯಲ್ಲಿ ಬೇರೊಂದು ಫೋನಿನಿಂದ ಜೈತುನ್ ಬೀಗೆ ಕೋಡ್ ಹೋಗುವ ಹಾಗೆ ಮಾಡಿಸಿ, ಸ್ಪೀಕರ್ ಹಾಕಿ ಫೋನ್ ಮಾಡಿದ್ದಳು. ಕೇಳಿದ ಕೂಡಲೇ ಈಕೆ ಪಟಪಟನೆ ಹೇಳುತ್ತಾಳೆ, ಬೀಗಿತಿಯ ಬಾಯಿ ಮುಚ್ಚುತ್ತದೆ ಎಂಬುದು ಆಕೆಯ ಲೆಕ್ಕ.

“ಜನ್ಮದಾಗ ಒಮ್ಮೆ ಇಲ್ಲ ಅಂದಾಕಿ ಅಲ್ಲ ನೀನು. ನನ್ನ ಮಾನ ಉಳಸೋ ಹೊತ್ತಿಗೇ ಅನ್ನಬೇಕಿತ್ತೇನ?”

ಜೈತುನ್ ಬೀಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. ಹೇಳಬಾರದಾಗ ಹೇಳಿದಳು, ಹೇಳಬೇಕಾದಾಗ ಇಲ್ಲ ಎನ್ನಲು ಕಲಿತುಬಿಟ್ಟಿದ್ದಳು. ತಪ್ಪಾಯಿತು ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಹಾಲಮ್ಮ ಸ್ಟೂಲ್ ಎಳೆದುಕೊಂಡು ತಾನೇ ಕೂತಳು. ಆಕೆಯ ಮುಖದಲ್ಲಿ ಸಿಟ್ಟಿರಲಿಲ್ಲ, ಹಡಗಲಿಯ ಛತ್ರಕ್ಕೆ ಕೊಟ್ಟ ಮುಂಗಡ ಹೋಯಿತಲ್ಲ ಎಂಬ ಸಣ್ಣ ಬೇಸರ ಮಾತ್ರ ಇತ್ತು.

“ತಾಯಿ, ಆ ಹಾಳಾದಾವ ನಾ ಕೇಳಿದ್ದಕ್ಕೆಲ್ಲ ಹೂಂ ಅಂದ. ನಾ ಹಿಗ್ಗಿದೆ. ಇವತ್ತು ನೀನು ಅಳಕೋತ ಇಲ್ಲ ಅಂದಿ ನೋಡು, ಆವಾಗ ತಿಳೀತು. ಬಳಿಗಾರ್ತಿ ಬಾಯಾಗ ಇಲ್ಲ ಬರಬೇಕಾದ್ರ ಎಷ್ಟು ಸುಟ್ಟಿರಬೇಕು. ಆವಾಗ್ಲೇ ಕಳ್ಳನ ಕಥಿ ಖರೇ ಐತಿ ಅಂದೆ. ನಮ್ಮೋರಾದ್ರ ಇಲ್ಲ ಅಂತಾರ, ನನ್ನ ಬೀಗಿತಿನೂ ಹಂಗ. ಹೂಂ ಅಂದಾವ ಕಳ್ಳ.”

ಕಲ್ಯಾಣಮ್ಮ ಅದಕ್ಕೂ ಇಲ್ಲ ಎನ್ನಲು ಹೊರಟು, ಅರ್ಧಕ್ಕೆ ನಿಲ್ಲಿಸಿದಳು. ಮದುವೆ ಕೊಟ್ಟೂರಿನಲ್ಲೇ ಎಂದು ಹಾಲಮ್ಮ ತಾನಾಗಿಯೇ ಹೇಳಿದಳು. ಧಾರೆ ಸೀರೆಯ ಬಣ್ಣದ ವಿಷಯ ಆಮೇಲೆ ಮಾತಾಡೋಣ ಎಂದಳು, ಅಷ್ಟು ಸುಲಭಕ್ಕೆ ಬಿಡುವವಳಲ್ಲ.

ಕಲ್ಯಾಣಮ್ಮ ಮಗಳನ್ನು ಮುಂದಕ್ಕೆ ತಳ್ಳಿ, ಅಳತೆ ನೋಡು ಎಂದಳು. ಅಮೃತಾ ಕೈ ಚಾಚಿದಳು. ಜೈತುನ್ ಬೀ ಆ ಕೈಯನ್ನು ಹಿಡಿದುಕೊಂಡಳು, ಬೆರಳುಗಳನ್ನು ಮಡಿಸಿ ಒತ್ತಿ ನೋಡಬೇಕು, ನೋಡಲಾಗಲಿಲ್ಲ, ಕಣ್ಣು ತುಂಬಿ ಬಂದಿತ್ತು. ಮದುಮಗಳ ಕೈ ಹಿಡಿದು ಬಳೆಗಾರ್ತಿ ಅಳಬಾರದು. ಆಕೆ ಅತ್ತಳು, ಮೂವರೂ ಸುಮ್ಮನೆ ಕಾದು ಕೂತರು.